ಪಂಡಿತಾ ರಮಾಬಾಯಿ ಬಗ್ಗೆ ಶಿರಸಿಯಲ್ಲಿ ಮಾತಾಡಿದರೆ ತಪ್ಪೇನು?

ಶಾಲ್ಮಲೆ ದಂಡೆ, ಶಿರಸಿ

ಮಾರ್ಚ್ ತಿಂಗಳ ಓದುಬಳಗದಲ್ಲಿ ಮಾತಾಡುವ ಸರದಿ ನಂದು. ಮಹಿಳಾ ದಿನದ ಲೆಕ್ಕದಲ್ಲಿ, ವಿಧವೆಯರಿಗೆ ಶಾಲೆ ತೆಗೆದ, ಆಮೇಲೆ ಕ್ರಿಶ್ಚಿಯನ್ ಆದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿ ಬಗ್ಗೆ ಹೇಳ್ತೇನೆ ಅಂದಿದ್ದೇ ತಡ, ವಾಟ್ಸಾಪ್ ಗುಂಪಿನಲ್ಲಿ ಗದ್ದಲ ಶುರು. ಹಿರಿಯರೊಬ್ಬರು "ಮತಾಂತರ ಆದವಳ ಉಸಾಬರಿ ಯಾಕೆ, ಸಾವಿತ್ರಿಬಾಯಿ ಫುಲೆ ತಗೋ, ಯಾರದ್ದೂ ತಕರಾರಿಲ್ಲ" ಅಂದರು. ಇನ್ನೊಬ್ಬರು "ಪುಣೆಯವಳು, ನಮಗೆ ಎಂತ ಸಂಬಂಧ?" ಅಂತ.

ಸಂಬಂಧ ಇದೆ ಮಾರಾಯ್ರೆ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣ. ಪೇಶ್ವೆ ಎರಡನೇ ಬಾಜಿರಾಯನ ಹೆಂಡತಿ ಸಂಸ್ಕೃತ ಶ್ಲೋಕ ಹೇಳೋದನ್ನ ಕೇಳಿ ಅವರಿಗೂ ಆ ಹುಚ್ಚು ಹತ್ತಿತು. ತನ್ನ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಕೂತರು. ಊರು ಬಿಡ್ತದಾ? ಉಡುಪಿಗೆ ಕರೆಸಿ ವಿಚಾರಣೆ ಆಯ್ತು. ಪಂಡಿತರ ಎದುರು ಗ್ರಂಥದ ಮೇಲೆ ಗ್ರಂಥ ತೆಗೆದು, ಹೆಂಗಸರು ಪುರಾಣ ಕಾವ್ಯ ಓದಿದರೆ ಶಾಸ್ತ್ರಕ್ಕೆ ಭಂಗ ಇಲ್ಲ ಅಂತ ತೋರಿಸಿ ಬಂದರು. ಆಮೇಲೆ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿದರು. ರಮಾ ಹುಟ್ಟಿದ್ದು ಅಲ್ಲೇ, 1858ರ ಏಪ್ರಿಲ್ 23ಕ್ಕೆ. ಪಾಠ ಹೇಳಿಕೊಟ್ಟವಳು ಅಮ್ಮ.

ನನ್ನ ಕಷ್ಟ ಏನು ಅಂದ್ರೆ, ಮತಾಂತರದ ವಿಷಯ ಮುಟ್ಟದೆ ಮಾತಾಡಿದರೆ ಅದು ಕಳ್ಳತನ. ಮುಟ್ಟಿದರೆ ಉಳಿದದ್ದು ಯಾರ ಕಿವಿಗೂ ಹೋಗೋದಿಲ್ಲ. ಹೇಗೆ ಮಾಡ್ಲಿ? ಅರ್ಧ ಗಂಟೆಯಲ್ಲಿ ಯಾವುದನ್ನು ಬಿಡಲೇಬಾರದು?

ಅಡಿಕೆ ಚೊಗರು, ಸಿದ್ದಾಪುರ

ಹೌದಾ! ಗಂಗಾಮೂಲದಲ್ಲಿ ಹುಟ್ಟಿದ್ದು ಹೇಳಿ ಯಂಗೆ ಗೊತ್ತೇ ಇತ್ತಿಲ್ಲೆ.

ಘಟ್ಟ ಇಳಿದವ, ಕುಮಟಾ

ಗಂಗಾಮೂಲ ಇರೋದು ಚಿಕ್ಕಮಗಳೂರು ಕಡೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ಹುಟ್ಟಿ ಸ್ವಲ್ಪ ದಿನಕ್ಕೇ ಆ ಸಂಸಾರ ಅಲ್ಲಿಂದ ಹೊರಟು ಊರೂರು ಅಲೆಯಿತು. ಎಲ್ಲರನ್ನೂ ನಮ್ಮವರು ಅಂತ ಎಳೆದುಕೊಳ್ಳೋ ಚಟ ಬಿಡಬೇಕು.

ನಿವೃತ್ತ ಮಾಸ್ತರು, ಹೊನ್ನಾವರ

ಈಗಿನ ನಕ್ಷೆ ಹಿಡಿದು 1858ನ್ನು ಅಳೆಯಬೇಡಿ ತಮ್ಮಾ. ಆಗ ಕೆನರಾ ಒಂದೇ ಜಿಲ್ಲೆ, ಕಾರವಾರದಿಂದ ಕಾಸರಗೋಡಿನ ತನಕ, ಎಲ್ಲ ಮದ್ರಾಸ್ ಪ್ರಾಂತ್ಯ. ಉತ್ತರ ಕನ್ನಡ ಬೊಂಬಾಯಿಗೆ ಹೋದದ್ದು 1862ರಲ್ಲಿ. ಹೋದಮೇಲೆ ನಮ್ಮ ಕಡೆಯ ಹುಡುಗರು ಕಾಲೇಜಿಗೆ ಅಂತ ಹೋಗ್ತಾ ಇದ್ದದ್ದು ಪುಣೆಗೆ, ಬೊಂಬಾಯಿಗೆ. ಅಲ್ಲಿಯ ಪತ್ರಿಕೆಯ ಜಗಳ ಇಲ್ಲಿಯ ಜಗಲಿಗೂ ಬರ್ತಿತ್ತು. ಆದ್ದರಿಂದ ರಮಾಬಾಯಿ ಪುಣೆಯವಳು ಅಂದ ಮಾತ್ರಕ್ಕೆ ಪರದೇಶಿ ಆಗುವುದಿಲ್ಲ.

ಅಲೆದಾಟ ಅಂದಿರಲ್ಲ, ಅದನ್ನು ಬಿಡಬೇಡಿ. ಅಪ್ಪ, ಅಮ್ಮ, ಅಣ್ಣ ಶ್ರೀನಿವಾಸ, ಅಕ್ಕ, ಈ ಹುಡುಗಿ, ಎಲ್ಲ ಸೇರಿ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಬದುಕುವುದು. ಸಾವಿರಾರು ಶ್ಲೋಕ ಬಾಯಿಪಾಠ. 1870ರ ದಶಕದ ಬರಗಾಲಕ್ಕೆ ಸಿಕ್ಕಿ ಮೊದಲು ಅಪ್ಪ, ಆಮೇಲೆ ಅಮ್ಮ, ಅಕ್ಕ ಎಲ್ಲ ಹೋದರು. ಕೂಲಿ ಮಾಡಲು ಜಾತಿಯ ಮರ್ಯಾದೆ ಅಡ್ಡ, ಬೇಡಲು ನಾಚಿಕೆ. ಅಮ್ಮ ತೀರಿಕೊಂಡಾಗ ಚಟ್ಟ ಹೊರಲು ಜನ ಇಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಬಂದರು. ಅಣ್ಣ ಮೂರನೆಯವನು, ನಾಲ್ಕನೆಯವಳು ಇವಳು. ಕುಳ್ಳಗಿದ್ದಳು, ಹೆಗಲು ಸಾಲಲಿಲ್ಲ. ತನ್ನ ಪಾಲಿನ ಭಾರವನ್ನು ತಲೆ ಮೇಲೆ ಇಟ್ಟುಕೊಂಡು ಸ್ಮಶಾನದ ತನಕ ನಡೆದಳು. ಹೆಂಗಸರು ಸ್ಮಶಾನಕ್ಕೆ ಕಾಲಿಡಬಾರದು ಅನ್ನುವ ಶಾಸ್ತ್ರ ಅವತ್ತು ಎಲ್ಲಿ ಹೋಗಿತ್ತು ಅಂತ ನಿಮ್ಮ ಹಿರಿಯರನ್ನು ಕೇಳಿ.

ಮೀನುಪೇಟೆ ಕಟ್ಟೆ, ಕಾರವಾರ

ಇದೆಲ್ಲ ಸರಿ, ಕೇಳಿದ್ರೆ ಕಣ್ಣಲ್ಲಿ ನೀರು ಬರ್ತದೆ. ಆದ್ರೆ ಕೊನೆಗೆ ಏನು ಮಾಡಿದ್ರು? 1883ರಲ್ಲಿ ಇಂಗ್ಲೆಂಡಿಗೆ ಹೋಗಿ ದೀಕ್ಷೆ ತಗೊಂಡ್ರು. ವಾಪಸ್ ಬಂದು ಬರಗಾಲದಲ್ಲಿ ಅನ್ನ ಇಲ್ಲದ ಮಕ್ಕಳನ್ನ ಕರ್ಕೊಂಡು ಹೋಗಿ ಅವರನ್ನೂ ಕ್ರಿಶ್ಚಿಯನ್ ಮಾಡಿದ್ರು. ಒಂದು ಪುರೋಹಿತಶಾಹಿ ಬಿಟ್ಟು ಇನ್ನೊಂದಕ್ಕೆ ಸೇರಿದ್ದು ಯಾವ ಕ್ರಾಂತಿ? ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ.

ಬೇಲೇಕೇರಿ ಹುಡುಗಿ

@ಮೀನುಪೇಟೆ ಕಟ್ಟೆ, ನೀವು ಬರೆದ ಮಾತನ್ನೇ ಅವಳು 1885ರಲ್ಲಿ ಬರೆದಿದ್ದಾಳೆ, ಗೊತ್ತಾ?

ಇಂಗ್ಲೆಂಡಿನ ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರ ಮಠದ ಸಿಸ್ಟರ್ ಜೆರಾಲ್ಡೀನ್ ಅಂತ ಒಬ್ಬರು, ಇವಳ ಗುರುಸ್ಥಾನದಲ್ಲಿದ್ದವರು. ವಿಧೇಯಳಾಗಿರು, ಚರ್ಚು ಹೇಳಿದ್ದನ್ನು ನಂಬು ಅಂತ ಅವರದ್ದು ಒಂದೇ ಸಮನೆ ಉಪದೇಶ. ಇವಳ ಉತ್ತರದ ಸಾರ: ಭಾರತದ ಪುರೋಹಿತರ ನೊಗದಿಂದ ಈಗಷ್ಟೇ ಬಹಳ ಕಷ್ಟಪಟ್ಟು ಬಿಡಿಸಿಕೊಂಡು ಬಂದಿದ್ದೇನೆ, ಪಾದ್ರಿಗಳು ಹೇಳಿದ್ದೆಲ್ಲ ದೇವರ ಅಪ್ಪಣೆ ಅಂತ ಒಪ್ಪಿ ಅಂಥದೇ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲಾರೆ. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಬಂತು. ಬಿಷಪ್ಪರು ಬೇಡ ಅಂದರು, ಊರಲ್ಲಿ ಹೆಸರು ಕೆಡ್ತದೆ ಅಂತ. ಅದಕ್ಕೂ ಸಿಟ್ಟಿನ ಕಾಗದ ಬರೆದಳು: ನನ್ನ ದೇಶದಲ್ಲಿ ಗಂಡಸರ ಸಭೆಯಲ್ಲೇ ಮಾತಾಡಿ ಬಂದವಳು ನಾನು, ನೀವ್ಯಾರು ತಡೆಯೋಕೆ ಅನ್ನೋ ಧಾಟಿಯಲ್ಲಿ. ಲ್ಯಾಟಿನ್ ಅಕ್ಷರ ಕೆತ್ತಿದ ಶಿಲುಬೆ ಹಾಕಿಕೋ ಅಂದಾಗಲೂ ಜಗಳ. ದೇವರಿಗೆ ಲ್ಯಾಟಿನ್ ಮಾತ್ರ ಬರ್ತದಾ, ಸಂಸ್ಕೃತ ಬರೋದಿಲ್ವಾ ಅನ್ನೋದು ಅವಳ ವಾದ. ಮಾಂಸ ಮುಟ್ಟಲಿಲ್ಲ. ತಂದೆ, ಮಗ, ಪವಿತ್ರಾತ್ಮ ಅನ್ನೋ ತ್ರಿಯೇಕ ದೇವರ ಸಿದ್ಧಾಂತಕ್ಕೇ ಪ್ರಶ್ನೆ ಹಾಕಿದಳು. ಮಗಳು ಮನೋರಮೆಗೆ ಏನು ಕಲಿಸಬೇಕು ಅನ್ನೋದು ತಾಯಿಯ ಮಾತು, ನಿಮ್ಮದಲ್ಲ ಅಂದಳು.

ಚರ್ಚಿಗೆ ಇವಳು ಸಿಕ್ಕಿದ ದೊಡ್ಡ ಮಿಕ ಅಂತ ನೀವು ತಿಳ್ಕೊಂಡಿದ್ದೀರಿ. ಆ ಕಾಗದ ಓದಿದ್ರೆ ಸಿಸ್ಟರ್ ಮೇಲೇ ಪಾಪ ಅನ್ನಿಸ್ತದೆ.

ಅಡಿಕೆ ಚೊಗರು, ಸಿದ್ದಾಪುರ

"ಸಿಸ್ಟರ್ ಮೇಲೇ ಪಾಪ" 😂

ಕೋಡಿಬಾಗದ ಕಾಕಾ

ಸಾವಿತ್ರಿಬಾಯಿ ತಗೋ ಅಂದ ಹಿರಿಯರಿಗೆ ಒಂದು ಮಾತು ಮುಟ್ಟಿಸಿ. ರಮಾಬಾಯಿ ಮತಾಂತರ ಆದಾಗ ಪುಣೆಯ ದೊಡ್ಡವರೆಲ್ಲ ಬೈದರು. ಆಗ ಅವಳ ಪರ ಪೆನ್ನು ಹಿಡಿದವರು ಇದೇ ಜೋತಿರಾವ್ ಫುಲೆ. ಅವರ 1885ರ 'ಸತ್ಸಾರ' ಪುಸ್ತಿಕೆಯಲ್ಲಿದೆ. ಶಾಸ್ತ್ರ ಓದಿದ ಹೆಂಗಸೇ ಶಾಸ್ತ್ರ ಬಿಟ್ಟು ಹೋದಳು ಅಂದ್ರೆ ಶಾಸ್ತ್ರದಲ್ಲೇ ಏನೋ ಇರಬೇಕು, ಇದು ಅವರ ವಾದದ ಜೀವಾಳ. ಫುಲೆ ಬೇಕು, ಫುಲೆ ಹೊಗಳಿದವಳು ಬೇಡ ಅಂದ್ರೆ ಹೇಗೆ?

ನಮ್ಮ ಕಾರವಾರದ ಕೊಂಡಿಯೂ ಒಂದಿದೆ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದರು. 1880ರ ದಶಕದ ಮೊದಲಲ್ಲಿ ರವೀಂದ್ರನಾಥರು ಬಂದು ಉಳಿದು, ಇಲ್ಲಿಯ ಸಮುದ್ರ, ಕಾಳಿ ನದಿ ನೋಡಿ ನಾಟಕ ಬರೆದರು. ಬೀಚಿಗೆ ಅವರ ಹೆಸರಿಟ್ಟು ಎದೆಯುಬ್ಬಿಸಿ ನಡೀತೇವೆ. ಅದೇ ಟಾಗೋರರು 1889ರಲ್ಲಿ ಪುಣೆಯಲ್ಲಿ ರಮಾಬಾಯಿಯ ಭಾಷಣ ಕೇಳಿದರು. ಹೆಂಗಸರು ಎಲ್ಲದರಲ್ಲೂ ಗಂಡಸರಿಗೆ ಸಮ, ಕುಡಿಯುವುದರಲ್ಲಿ ಮಾತ್ರ ಅಲ್ಲ ಅಂದಳಂತೆ. ಸಭೆಯಲ್ಲಿದ್ದ ಗಂಡಸರು ಎದ್ದು ನಿಂತು ಕೂಗಾಡಿ ಅವಳನ್ನು ಕೂರಿಸಿದರು. ಹೀಗೆ ಕೂಗಾಡಿದ್ದು ಟಾಗೋರರಿಗೂ ಹಿಡಿಸಲಿಲ್ಲ. ಆದರೆ ಅದರ ಬಗ್ಗೆ ಬರೆದ ಲೇಖನದಲ್ಲಿ ಅವರು ಹೇಳಿದ್ದು ಏನು? ಗಂಡು ಹೆಣ್ಣು ಸಮ ಅಲ್ಲ, ಪ್ರಕೃತಿಯೇ ಹೆಣ್ಣನ್ನು ಮನೆಯೊಳಗೆ ಇಟ್ಟಿದೆ ಅನ್ನುವ ಅರ್ಥದ ಮಾತು.

ಘಟ್ಟ ಇಳಿದವ, ಕುಮಟಾ

ಟಾಗೋರರಿಗೆ ಆಗ 28 ವರ್ಷ. ಆಮೇಲೆ ಅವರು ಬರೆದ ಹೆಣ್ಣುಪಾತ್ರಗಳನ್ನು ನೋಡಿ. ಎಳೆ ವಯಸ್ಸಿನ ಒಂದು ಲೇಖನ ಹಿಡಿದು ಹಣಿಯೋದು ಸರಿಯಲ್ಲ.

ಕೋಡಿಬಾಗದ ಕಾಕಾ

ರಮಾಬಾಯಿಗೆ ಆಗ 31. ಅವಳಿಗೆ ಯಾರೂ ವಯಸ್ಸಿನ ರಿಯಾಯಿತಿ ಕೊಡಲಿಲ್ಲ.

ಹಳದೀಪುರದ ಹರಟೆ

ಟಾಗೋರ್ ಬೀಚ್ ಅಂದ ಕೂಡಲೆ ನೆನಪಾಯ್ತು, ಆ ಯುದ್ಧನೌಕೆ ಮ್ಯೂಸಿಯಂ ಈಗ ತೆರೆದಿದೆಯಾ? ಮಕ್ಕಳನ್ನ ಕರ್ಕೊಂಡು ಹೋಗ್ಬೇಕಿತ್ತು.

ಮೇಲ್ವಿಚಾರಕ

@ಹಳದೀಪುರದ ಹರಟೆ, ಪ್ರವಾಸದ ವಿಷಯಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ.

ದೇವಿಮನೆ ಘಾಟ್

ನಾನು ಸುಮ್ಮನೆ ಓದ್ತಾ ಇದ್ದೆ, ಒಂದು ವಿಷಯ ಹೇಳಬೇಕು ಅನ್ನಿಸ್ತು. ನಮ್ಮ ಮನೆಯಲ್ಲಿ ಅಜ್ಜನ ಅತ್ತೆ ಒಬ್ಬರಿದ್ದರು, ನಾನು ಸಣ್ಣವಳಿದ್ದಾಗ ತೀರಿಕೊಂಡರು. ಎಂಟೋ ಒಂಬತ್ತೋ ವರ್ಷಕ್ಕೆ ಮದುವೆ, ದೊಡ್ಡವಳಾಗುವ ಮೊದಲೇ ಗಂಡ ಹೋದ. ಗಂಡನ ಮುಖ ಹೇಗಿತ್ತು ಅಂತ ಕೇಳಿದರೆ "ನೋಡಿದ್ರೆ ಅಲ್ದಾ" ಅಂತಿದ್ದರು. ನಮ್ಮ ಹವ್ಯಕರಲ್ಲಿ ಆಗಿನ ಪದ್ಧತಿ ಎಲ್ಲರಿಗೂ ಗೊತ್ತು, ತಲೆ ಬೋಳಿಸಿ ಕೆಂಪು ಸೀರೆ. ರವಿಕೆ ಇಲ್ಲ. ಕ್ಷೌರದವನು ಹಿತ್ತಲ ಬಾಗಿಲಿಂದ ಬರ್ತಿದ್ದ. ಅವತ್ತು ಮಕ್ಕಳನ್ನೆಲ್ಲ ಅಂಗಳಕ್ಕೆ ಅಟ್ಟುತ್ತಿದ್ದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಜೈಮಿನಿ ಭಾರತದ ಪದ್ಯ ಅವರ ಬಾಯಿಂದ ಒಂದರ ಹಿಂದೆ ಒಂದು ಬರ್ತಿತ್ತು, ಕೈ ಮೆಟ್ಟುಗತ್ತಿಯ ಮೇಲೆ ನಿಲ್ಲದೆ ಓಡ್ತಾನೇ ಇರ್ತಿತ್ತು, ಸೆರಗು ತಲೆಯಿಂದ ಒಂದು ಎಳೆ ಜಾರ್ತಿರಲಿಲ್ಲ. ಅಷ್ಟು ಪದ್ಯ ಬರುವವರಿಗೆ ಸಹಿ ಮಾಡಲು ಬರ್ತಿರಲಿಲ್ಲ. ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಏನಕ್ಕೆ ಒತ್ತಿದ್ದು ಅಂತ ಅವರಿಗೆ ಕೊನೆತನಕ ಗೊತ್ತಾಗಲಿಲ್ಲ.

ರಮಾಬಾಯಿಯ ಪುಸ್ತಕ, 1887ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಬಂದದ್ದು, ಮೇಲ್ಜಾತಿ ಹಿಂದೂ ಹೆಂಗಸಿನ ಬಗ್ಗೆ. ಹುಟ್ಟು, ಮದುವೆ, ವೈಧವ್ಯ ಅಂತ ಸಾಲಾಗಿ ಬರೆದಿದ್ದಾಳೆ. ವಿಧವೆಯ ಅಧ್ಯಾಯ ಓದುವಾಗ ನಮ್ಮ ಮನೆಯ ಹಿತ್ತಲು ಅವಳಿಗೆ ಹೇಗೆ ಗೊತ್ತಾಯ್ತು ಅನ್ನಿಸಿತು. ಆ ಪುಸ್ತಕವನ್ನು ಅವಳು ಅರ್ಪಿಸಿದ್ದು ಅಮ್ಮ ಲಕ್ಷ್ಮೀಬಾಯಿಗೆ. ಶಿರಸಿಯಲ್ಲಿ ಕೂತು ಇದು ನಮಗೆ ಸಂಬಂಧ ಇಲ್ಲ ಅನ್ನೋರು ತಮ್ಮ ಮನೆಯ ಹಳೇ ಫೋಟೋದಲ್ಲಿ ಯಾರು ಇಲ್ಲ ಅಂತ ಒಮ್ಮೆ ನೋಡಲಿ. ಕೆಂಪು ಸೀರೆಯವರನ್ನು ಫೋಟೋಕ್ಕೆ ಕರೀತಿರಲಿಲ್ಲ.

ಶಾಲ್ಮಲೆ ದಂಡೆ, ಶಿರಸಿ

@ದೇವಿಮನೆ ಘಾಟ್, ಇದನ್ನ ನೀವೇ ಬಂದು ಹೇಳ್ತೀರಾ? ನಾನು ಓದಿ ಹೇಳಿದ್ರೆ ಸಪ್ಪೆ ಆಗ್ತದೆ.

ಖಾರ್ವಿಕೇರಿ

ಒಬ್ಬರೂ ಹೇಳಲಿಲ್ಲ, ನಾನೇ ಹೇಳ್ತೇನೆ. ಪುಸ್ತಕದ ಹೆಸರಲ್ಲೇ ಇದೆ ನೋಡಿ "ಮೇಲ್ಜಾತಿ". ತಲೆ ಬೋಳಿಸುವುದು, ಬಾಲವಿಧವೆಯನ್ನು ಮೂಲೆಗೆ ಹಾಕುವುದು ನಿಮ್ಮ ಮನೆಗಳ ಕಥೆ. ನಮ್ಮ ಕೇರಿಯಲ್ಲಿ, ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ, ಗಂಡ ಸತ್ತವಳು ಮತ್ತೊಂದು ಮದುವೆ ಆಗೋದಕ್ಕೆ ಯಾರೂ ಅಡ್ಡ ಬರ್ತಿರಲಿಲ್ಲ. ನಮ್ಮ ಹೆಂಗಸರ ಕಷ್ಟ ಬೇರೆ. ಬುಟ್ಟಿ ಹೊತ್ತು ಮೀನು ಮಾರಿದ ದುಡ್ಡು ಸಂಜೆಗೆ ಸಾರಾಯಿ ಅಂಗಡಿಗೆ ಹೋಗ್ತಿತ್ತು. ಆ ಹೆಂಗಸು ರಮಾಬಾಯಿ ಪುಸ್ತಕದಲ್ಲಿ ಎಲ್ಲಿ ಇದ್ದಾಳೆ? ಸುಧಾರಣೆ ಅಂದ್ರೆ ಯಾವಾಗಲೂ ನಿಮ್ಮ ಮನೆಯ ಒಳಕೋಣೆಯಿಂದಲೇ ಶುರು ಆಗ್ತದೆ.

ಬೇಲೇಕೇರಿ ಹುಡುಗಿ

@ಖಾರ್ವಿಕೇರಿ, ಮಾತು ನೂರಕ್ಕೆ ನೂರು ಹೌದು. ಆ ಪುಸ್ತಕ ಬರೆಯುವಾಗ ಅವಳ ಕಣ್ಣೆದುರು ಇದ್ದದ್ದು ತನ್ನ ಜಾತಿಯ ವಿಧವೆಯರೇ. 1889ರಲ್ಲಿ ಬೊಂಬಾಯಿಯಲ್ಲಿ ತೆಗೆದ ಶಾರದಾ ಸದನ ಅನ್ನೋ ವಸತಿಶಾಲೆಯೂ ಅವರಿಗಾಗಿಯೇ. ಆದರೆ 1896ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಕರೆದುಕೊಂಡು ಬಂದ ಹೆಣ್ಣುಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವಳು ಕಟ್ಟಿದ ಮುಕ್ತಿ ಸದನದಲ್ಲಿ ಅವರೆಲ್ಲ ಒಟ್ಟಿಗೆ ಉಂಡರು. 1900ರ ಗುಜರಾತ್ ಬರಗಾಲದ ಮೇಲೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ನೇಯ್ಗೆ, ಎಣ್ಣೆಗಾಣ, ದನ ಸಾಕಣೆ, ಅಚ್ಚುಕೂಟ ಎಲ್ಲ ಹೆಂಗಸರ ಕೈಯಲ್ಲಿ. ಕುರುಡರಿಗೂ ಓದು ಕಲಿಸ್ತಿದ್ದರು. ಅವಳ ದಾರಿ ಅಗಲ ಆಗ್ತಾ ಹೋಯ್ತು.

ಸಾರಾಯಿ ವಿಷಯ ನೀವು ತೆಗೆದದ್ದು ಚಲೋ ಆಯ್ತು. ಅಮೆರಿಕದಲ್ಲಿ ಅವಳಿಗೆ ಬೆನ್ನೆಲುಬಾಗಿ ನಿಂತವರಲ್ಲಿ ಫ್ರಾನ್ಸಿಸ್ ವಿಲಾರ್ಡ್ ಒಬ್ಬರು, ಹೆಂಡದ ವಿರುದ್ಧ ಹೆಂಗಸರ ದೊಡ್ಡ ಸಂಘ ಕಟ್ಟಿದವರು. ಪುಣೆಯಲ್ಲಿ "ಕುಡಿಯುವುದರಲ್ಲಿ ಮಾತ್ರ ಸಮ ಅಲ್ಲ" ಅಂತ ಕುಟುಕಿದ್ದು ಸುಮ್ಮನೆ ನಗೆಗಲ್ಲ. ನಮ್ಮ ಅಂಕೋಲೆಯ ಬಡಿಗೇರಿಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡ, ಹಾಲಕ್ಕಿ ಹಾಡು ಹಾಡ್ತಾ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. 2017ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನವರು ಹಾಡಿನ ಬಗ್ಗೆಯೇ ಹೆಚ್ಚು ಬರೆದರು.

ಖಾರ್ವಿಕೇರಿ

ಸುಕ್ರಜ್ಜಿ ಹೆಸರು ತಂದು ನನ್ನ ಬಾಯಿ ಮುಚ್ಚಿಸಬೇಡಿ. ಸುಕ್ರಜ್ಜಿಗೆ ಅಮೆರಿಕದಿಂದ ಯಾವ ಸಂಘವೂ ದುಡ್ಡು ಕಳಿಸಲಿಲ್ಲ.

ನಿವೃತ್ತ ಮಾಸ್ತರು, ಹೊನ್ನಾವರ

ದುಡ್ಡಿನ ಮಾತು ಬಂದದ್ದು ಸರಿ. ಶಾರದಾ ಸದನಕ್ಕೆ ಹಣ ಬರುತ್ತಿದ್ದದ್ದು ಬೋಸ್ಟನ್ನಿನ ರಮಾಬಾಯಿ ಸಂಘದಿಂದ. ಷರತ್ತು ಏನೆಂದರೆ ಅಲ್ಲಿ ಧರ್ಮಬೋಧನೆ ಕೂಡದು. ಹಿಂದೂ ಸುಧಾರಕರಾದ ರಾನಡೆ, ಭಂಡಾರಕರ್ ಸಲಹಾ ಸಮಿತಿಯಲ್ಲಿದ್ದರು. ಮರುವರ್ಷ ಸದನ ಪುಣೆಗೆ ಬಂತು. ರಮಾಬಾಯಿ ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಹೋಗಿ ಕೂರುತ್ತಿದ್ದರು. ತಿಲಕರ 'ಕೇಸರಿ' ಅದನ್ನೇ ಹಿಡಿದು ಬಾರಿಸಿತು. 1893ರಲ್ಲಿ ಸಮಿತಿಯ ದೊಡ್ಡವರು ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬಾಗಿಲು ತೆರೆದಿಟ್ಟದ್ದು ಜಾಣತನ ಅಲ್ಲ. ನಂಬಿಕೆ ಕೊಟ್ಟು ಮಕ್ಕಳನ್ನು ಒಪ್ಪಿಸಿಕೊಂಡವರು ಆ ನಂಬಿಕೆಯನ್ನು ಪಾಲಿಸಬೇಕಿತ್ತು. ಆದರೆ ಮಕ್ಕಳನ್ನು ಎಳೆದುಕೊಂಡು ಹೋದವರು ಅವರಿಗೆ ಬೇರೆ ಶಾಲೆ ತೋರಿಸಿದರೋ? ವಾಪಸ್ ಹೋದದ್ದು ಅದೇ ಒಳಕೋಣೆಗೆ.

ಘಟ್ಟ ಇಳಿದವ, ಕುಮಟಾ

ತಿಲಕರನ್ನು ಹೀಗೆ ಒಂದೇ ಸಾಲಿನಲ್ಲಿ ಮುಗಿಸೋದಾ? ಅವರ ವಾದ ವಿದೇಶಿ ದುಡ್ಡು, ವಿದೇಶಿ ಧರ್ಮದ ಬಗ್ಗೆ. ಆ ಕಾಲದಲ್ಲಿ ಅದು ಸಹಜ.

ಬೇಲೇಕೇರಿ ಹುಡುಗಿ

ಸಹಜ ಆಗಿದ್ದರೆ ರಖಮಾಬಾಯಿ ಕೇಸಲ್ಲಿ ವಿದೇಶಿ ಧರ್ಮ ಎಲ್ಲಿತ್ತು? ಹನ್ನೊಂದು ವರ್ಷಕ್ಕೆ ಮದುವೆ ಮಾಡಿದ್ದು, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗೋದಿಲ್ಲ ಅಂದಳು. ಅವಳು ಕ್ರಿಶ್ಚಿಯನ್ ಅಲ್ಲ. 1887ರಲ್ಲಿ ಕೋರ್ಟು, ಗಂಡನ ಹತ್ತಿರ ಹೋಗು ಇಲ್ಲ ಆರು ತಿಂಗಳು ಜೈಲಿಗೆ ಹೋಗು ಅಂದಿತು. ತಿಲಕರು ಅಲ್ಲೂ ಗಂಡನ ಕಡೆ. ರಮಾಬಾಯಿ ತನ್ನ ಪುಸ್ತಕದಲ್ಲಿ ಈ ಕೇಸನ್ನು ಎತ್ತಿ, ಇಂಗ್ಲಿಷ್ ಸರ್ಕಾರವೂ ಗಂಡಸರ ಪರವೇ ನಿಂತಿತು ಅಂತ ಬೈದಿದ್ದಾಳೆ. ಬಿಳಿಯರ ದುಡ್ಡು ತಿಂದವಳು ಬಿಳಿಯರ ಸರ್ಕಾರವನ್ನು ಬೈಯಬಾರದಿತ್ತಲ್ಲ?

ಇನ್ನೊಂದು. 1897ರ ಪ್ಲೇಗ್. ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿ, ತನ್ನ ಸದನದ ಒಬ್ಬ ಹುಡುಗಿಗೆ ಅಲ್ಲಿ ಆದ ಗತಿ, ಎಲ್ಲವನ್ನೂ ಪತ್ರಿಕೆಗೆ ಬರೆದಳು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು. ಬೊಂಬಾಯಿ ಗವರ್ನರ್ ಅದು ಸುಳ್ಳು, ಜನರ ದಾರಿ ತಪ್ಪಿಸುವಂಥದ್ದು ಅಂತ ತಳ್ಳಿಹಾಕಿದ. ಅವಳು ಹಿಂದೆ ಸರಿಯಲಿಲ್ಲ.

ಹಳದೀಪುರದ ಹರಟೆ

ಶುಕ್ರಗ್ರಹದ ಒಂದು ಕುಳಿಗೆ ಇವರ ಹೆಸರಿಟ್ಟಿದ್ದಾರೆ, ಗೊತ್ತಾ? ಮೇಧಾವಿ ಅಂತ, ಗಂಡನ ಮನೆ ಹೆಸರು. ನಮ್ಮಲ್ಲಿ 1989ರಲ್ಲಿ ಅಂಚೆಚೀಟಿ ಬಂತು. ಶುಕ್ರಗ್ರಹದಲ್ಲಿ ಜಾಗ ಸಿಕ್ಕಿದೆ, ಶಿರಸಿಯಲ್ಲಿ ಅರ್ಧ ಗಂಟೆ ಸಿಗಲ್ಲ.

ಅಡಿಕೆ ಚೊಗರು, ಸಿದ್ದಾಪುರ

😂😂 ಗಂಡ ಯಾರು ಹಾಗಾದ್ರೆ? ಅದು ಯಾರೂ ಬರೆಯಲಿಲ್ಲವಲ್ಲ.

ಕೋಡಿಬಾಗದ ಕಾಕಾ

ಬಿಪಿನ್ ಬಿಹಾರಿ ಮೇಧಾವಿ, ಬಂಗಾಳದ ವಕೀಲ, ಬ್ರಾಹ್ಮಣ ಅಲ್ಲ. 1880ರಲ್ಲಿ ರಿಜಿಸ್ಟರ್ ಮದುವೆ. ಬೇರೆ ಜಾತಿ, ಬೇರೆ ಭಾಷೆ, ಪುರೋಹಿತನಿಲ್ಲದ ಮದುವೆ. ಈಗಲೂ ನಮ್ಮ ಕಡೆ ಇದಕ್ಕೆ ಎಷ್ಟು ಮನೆಯಲ್ಲಿ ಒಪ್ತಾರೆ? ಎರಡು ವರ್ಷ ತುಂಬುವ ಮೊದಲೇ ಕಾಲರಾಕ್ಕೆ ಹೋದ. ಕೈಯಲ್ಲಿ ಪುಟ್ಟ ಮಗಳು. 23ನೇ ವಯಸ್ಸಿಗೆ ಅವಳೇ ವಿಧವೆ. ತಲೆ ಬೋಳಿಸಲಿಲ್ಲ, ಕೂದಲು ಗಿಡ್ಡ ಕತ್ತರಿಸಿಕೊಂಡು ಬಿಳಿ ಸೀರೆ ಉಟ್ಟು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದಳು.

ಅದೇ 1882ರಲ್ಲಿ, ಸರ್ಕಾರ ಶಿಕ್ಷಣಕ್ಕೆ ಅಂತ ನೇಮಿಸಿದ ಹಂಟರ್ ಆಯೋಗದ ಎದುರು ಸಾಕ್ಷಿ ಹೇಳಿದಳು, ಮರಾಠಿಯಲ್ಲೇ. ಹೆಣ್ಣುಶಾಲೆಗೆ ಹೆಂಗಸರೇ ಮಾಸ್ತರಾಗಬೇಕು, ಇನ್ಸ್‌ಪೆಕ್ಟರೂ ಹೆಂಗಸರೇ ಆಗಬೇಕು, ಹೆಂಗಸರನ್ನು ಡಾಕ್ಟರ್ ಮಾಡಬೇಕು ಅಂದಳು. ಓದಿದ ಗಂಡಸರ ಪೈಕಿ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಣ್ಣಿನ ಓದಿಗೆ ವಿರೋಧಿಗಳು, ಸಣ್ಣ ತಪ್ಪು ಕಂಡರೂ ಸಾಸಿವೆಯನ್ನು ಬೆಟ್ಟ ಮಾಡ್ತಾರೆ ಅಂತ ಆಯೋಗದ ದಾಖಲೆಯಲ್ಲೇ ಸೇರಿಸಿದಳು. ಓದದವರ ಬಗ್ಗೆ ಅಲ್ಲ, ಓದಿದವರ ಬಗ್ಗೆ. ಇದನ್ನ ಬಿಡಬೇಡಿ ಶಾಲ್ಮಲೆ.

ಮೀನುಪೇಟೆ ಕಟ್ಟೆ, ಕಾರವಾರ

ಎಲ್ಲರೂ ಸೇರ್ಕೊಂಡು ನನ್ನ ಪ್ರಶ್ನೆ ಹಾರಿಸಿಬಿಟ್ರಿ. ಸಿಸ್ಟರ್ ಜೊತೆ ಜಗಳ ಆಡಿದ್ದು ಹೌದು, ಬಿಷಪ್ ಜೊತೆ ಆಡಿದ್ದು ಹೌದು. ಆದ್ರೆ ಮುಕ್ತಿಗೆ ಬಂದ ಹಸಿದ ಮಗುವಿಗೆ ಬೇಡ ಅನ್ನೋ ಅವಕಾಶ ಇತ್ತಾ? ತಾನು ಕೇಳಿದ ಸ್ವಾತಂತ್ರ್ಯವನ್ನ ಆ ಮಕ್ಕಳಿಗೂ ಕೊಟ್ಟಳಾ?

ಬೇಲೇಕೇರಿ ಹುಡುಗಿ

ಈ ಪ್ರಶ್ನೆ ಗಟ್ಟಿ. 1890ರ ದಶಕದ ಆಚೆ ಅವಳು ಪೂರ್ತಿ ಮಿಷನರಿಯೇ ಆದಳು ಅನ್ನೋದನ್ನ ನಾನು ಅಲ್ಲಗಳೆಯೋದಿಲ್ಲ. 1905ರಲ್ಲಿ ಮುಕ್ತಿಯಲ್ಲಿ ಹಗಲು ರಾತ್ರಿ ಪ್ರಾರ್ಥನೆ, ಅಳು, ಆವೇಶ. ಹಳೆಯ ತರ್ಕದ ರಮಾಬಾಯಿ ಅಲ್ಲಿ ನನಗೂ ಕಾಣೋದಿಲ್ಲ. ಆದರೆ ಬರಗಾಲದಲ್ಲಿ ಆ ಹುಡುಗಿಯರನ್ನು ಎತ್ತಿಕೊಂಡು ಹೋಗಲು ಅವಳ ಜೊತೆ ಮತ್ಯಾರು ಕಾದಿದ್ದರು? ಹೆಣ್ಣು ಮಾರುವ ದಲ್ಲಾಳಿಗಳು.

ಖಾರ್ವಿಕೇರಿ

ದಲ್ಲಾಳಿಗಿಂತ ಚಲೋ ಅನ್ನೋದು ದೊಡ್ಡ ಹೊಗಳಿಕೆಯಾ?

ದೇವಿಮನೆ ಘಾಟ್

ಅವಳು ಮತ ಬದಲಿಸಿದ್ದಕ್ಕೆ ಕಾರಣವನ್ನು ಅವಳ ಬಾಯಲ್ಲೇ ಕೇಳೋಣ. 1878ರಲ್ಲಿ ಕಲ್ಕತ್ತೆಯ ಪಂಡಿತರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಕೊಟ್ಟು, ಪರದೆಯ ಹೆಂಗಸರಿಗೆ ಸ್ತ್ರೀಧರ್ಮ ಬೋಧಿಸು ಅಂದರು. ಬೋಧಿಸಲಿಕ್ಕೆ ಅಂತ ಧರ್ಮಶಾಸ್ತ್ರ ಓದಲು ಕೂತಳು. ಒಂದು ಗ್ರಂಥಕ್ಕೂ ಇನ್ನೊಂದಕ್ಕೂ ತಾಳಮೇಳ ಇಲ್ಲ, ಆದರೆ ಹೆಂಗಸು ಕೆಟ್ಟವಳು, ಗಂಡನೇ ಅವಳ ದೇವರು, ಅವಳಿಗೆ ವೇದ ಇಲ್ಲ ಅನ್ನೋದರಲ್ಲಿ ಎಲ್ಲರೂ ಒಂದೇ ಬಾಯಿ. ಅವಳ ಕಣ್ಣು ತೆರೆದದ್ದು ಅಲ್ಲಿ. ಯಾವ ಪಾದ್ರಿಯೂ ಆಗ ಪಕ್ಕದಲ್ಲಿ ಇರಲಿಲ್ಲ. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿ ಕೈಗೆ ಕೊಟ್ಟಾಗಲೂ, ಹೆಂಗಸು ಓದಬಾರದಲ್ಲ ಅಂತ ಹಿಂಜರಿದವಳು ಅವಳು. ಬಿಟ್ಟುಹೋದ ಕಾರಣ ನಮ್ಮ ಮನೆಯೊಳಗಿತ್ತು. ಎಲ್ಲಿಗೆ ಹೋದಳು ಅನ್ನುವುದರ ಮೇಲೆ ಮಾತ್ರ ಜಗಳ ಆಡ್ತಾ ಕೂತರೆ ಯಾಕೆ ಹೋದಳು ಅನ್ನೋದನ್ನ ಕೇಳದೆ ತಪ್ಪಿಸಿಕೊಳ್ಳಬಹುದು. ಬಳಗದ ಹಿರಿಯರಿಗೆ ಬೇಕಾದ್ದೂ ಅದೇ ಇರಬೇಕು.

ಮೀನುಪೇಟೆ ಕಟ್ಟೆ, ಕಾರವಾರ

ಎಲ್ಲಿಗೆ ಹೋದಳು ಅನ್ನೋದೂ ಮುಖ್ಯವೇ. ಎರಡೂ ಹೇಳಿ. ಅಷ್ಟು ಹೇಳೋದಾದ್ರೆ ನಾನೂ ಬರ್ತೇನೆ.

ಕೋಡಿಬಾಗದ ಕಾಕಾ

ಮತಾಂತರ ಆಗದವರೂ ಸದನದಿಂದ ಹೊರಬಂದಿದ್ದಾರೆ. ಶಾರದಾ ಸದನದ ಮೊದಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. 1893ರಲ್ಲಿ ಅವಳನ್ನು ಮರುಮದುವೆ ಆದವರು ಧೋಂಡೋ ಕೇಶವ ಕರ್ವೆ. ಕರ್ವೆ ಮುಂದೆ ವಿಧವೆಯರಿಗೆ ಆಶ್ರಮ ತೆಗೆದರು, ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು, ಭಾರತರತ್ನ ಆದರು. ಗೋದೂಬಾಯಿ ರಮಾಬಾಯಿಯ ಹತ್ತಿರ ಅಕ್ಷರ ಕಲಿತದ್ದನ್ನು ನಮ್ಮ ಪಠ್ಯಪುಸ್ತಕ ಬರೆಯುವುದಿಲ್ಲ.

ನಿವೃತ್ತ ಮಾಸ್ತರು, ಹೊನ್ನಾವರ

ಕರ್ನಾಟಕದ ಎಳೆ ಬೇಕಿದ್ದರೆ ಮಗಳನ್ನೂ ಸೇರಿಸಿ. ಮನೋರಮೆ 1912ರ ಸುಮಾರಿಗೆ ಗುಲ್ಬರ್ಗದಲ್ಲಿ ಶಾಲೆ ಕಟ್ಟಲು ನಿಂತವಳು. 1921ರಲ್ಲಿ ಮಗಳು ಮೊದಲು ಹೋದಳು, 1922ರ ಏಪ್ರಿಲ್ 5ಕ್ಕೆ ತಾಯಿ. ಅಷ್ಟರಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದಿದ್ದಳು. ಅಚ್ಚಿನ ಮೊಳೆ ಜೋಡಿಸಿದ್ದು ಮುಕ್ತಿಯ ಹೆಂಗಸರು.

ಓದಬೇಕು ಅನ್ನಿಸಿದವರಿಗೆ: 1887ರ ಇಂಗ್ಲಿಷ್ ಪುಸ್ತಕ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮರಾಠಿ ಬರಹಗಳನ್ನು ಮೀರಾ ಕೋಸಂಬಿ ಇಂಗ್ಲಿಷಿಗೆ ತಂದಿದ್ದಾರೆ. ಅಮೆರಿಕದ ಬಗ್ಗೆ ರಮಾಬಾಯಿ ಮರಾಠಿಯಲ್ಲಿ ಬರೆದದ್ದು ತಪ್ಪದೆ ನೋಡಿ. ಅಲ್ಲಿಯ ಹೆಂಗಸರ ಸಂಘಗಳನ್ನು ಹೊಗಳಿ, ಅದೇ ಪುಸ್ತಕದಲ್ಲಿ ಕರಿಯರನ್ನೂ ಮೂಲನಿವಾಸಿಗಳನ್ನೂ ಆ ದೇಶ ನಡೆಸಿಕೊಂಡ ಬಗೆಗೆ ಛೀಮಾರಿ ಹಾಕಿದ್ದಾಳೆ.

ಶಾಲ್ಮಲೆ ದಂಡೆ, ಶಿರಸಿ

ಗುಂಪಿನಲ್ಲಿ ಹಾಕಿದ್ದೇನೆ, ವಿಷಯ ಬದಲಾಯಿಸೋದಿಲ್ಲ ಅಂತ. ಹಿರಿಯರು ಓದಿದ ಗುರುತು ನೀಲಿ ಆಗಿದೆ, ಉತ್ತರ ಇಲ್ಲ. ದೇವಿಮನೆ ಅಕ್ಕ ಬರ್ತೇನೆ ಅಂದಿದ್ದಾರೆ. ಖಾರ್ವಿಕೇರಿಯವರೂ ಬಂದು ಆ "ಮೇಲ್ಜಾತಿ" ಪ್ರಶ್ನೆ ಎತ್ತಬೇಕು, ನಾನು ಎತ್ತಿದರೆ ಅದು ನಾಟಕ ಆಗ್ತದೆ.

ಖಾರ್ವಿಕೇರಿ

ಭಾನುವಾರ ಇಟ್ಟರೆ ಬರೋದಿಲ್ಲ. ಭಾನುವಾರ ಮೀನಿನ ವ್ಯಾಪಾರ ಜೋರು.

ಘಟ್ಟ ಇಳಿದವ, ಕುಮಟಾ

ಸಂಜೆ ಎಷ್ಟಕ್ಕೆ ಮುಗೀತದೆ? ಕುಮಟೆಗೆ ಕಡೇ ಬಸ್ಸು ತಪ್ಪಿದ್ರೆ ಕಷ್ಟ.

ಬೇಲೇಕೇರಿ ಹುಡುಗಿ

@ಘಟ್ಟ ಇಳಿದವ, ಬಸ್ಸಿನ ಮಾತು ಆಮೇಲೆ. ಮೊದಲು ರಖಮಾಬಾಯಿ ಕೇಸಿಗೆ ಉತ್ತರ ಕೊಡಿ.